ಕೃತಿಕಾರ, ಗುರು: ಮೈಸೂರು ವಾಸುದೇವಾಚಾರ್ಯರ ಬದುಕು

ಅಭ್ಯಾಸ ಪಾಠಕ್ಕೆಂದು ಹೋದ ಶಾಲೆಯಲ್ಲಿ ನನಗೆ ಸಿಕ್ಕಿದ್ದು ಎಂಟನೇ ತರಗತಿಯ ‘ಶಬ್ದ’ ಎಂಬ ಪಾಠ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳಾದ್ದರಿಂದ ಇದು ನನಗೆ ಸುಲಭದ ಪಾಠ ಎಂದುಕೊಂಡಿದ್ದೆ. ಮೇಜಿನ ಅಂಚಿಗೆ ಸ್ಟೀಲ್ ಸ್ಕೇಲನ್ನು ಒತ್ತಿ ಹಿಡಿದು ಮೀಟಿದೆ. ಹೊರಗೆ ಚಾಚಿದ ಭಾಗ ಗಿಡ್ಡವಾದಂತೆ ಸ್ವರ ಏರುವುದನ್ನು ತೋರಿಸಿದೆ. ಕಂಪನ, ಆವೃತ್ತಿ, ಹರ್ಟ್ಸ್ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಅಷ್ಟರಲ್ಲಿ ಊರಿನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸಲು ಕಲಿಯುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಖಮಾಜ್ ರಾಗದಲ್ಲಿ ಎರಡು ನಿಷಾದ ಬರುತ್ತವಲ್ಲ ಅಕ್ಕೋರೆ, ಆ ಎರಡಕ್ಕೂ ಎಷ್ಟೆಷ್ಟು ಹರ್ಟ್ಸು ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ಗಡಿಬಿಡಿಯಲ್ಲಿ ಪಾಠದ ಕೊನೆಯ ಭಾಗ ಹದ ತಪ್ಪಿತು. ಮೌಲ್ಯಮಾಪನಕ್ಕೆಂದು ಕೇಳಿದ ಐದು ಪ್ರಶ್ನೆಗಳಲ್ಲಿ ಎರಡಕ್ಕೆ ಮಾತ್ರ ಮಕ್ಕಳು ಉತ್ತರಿಸಿದರು. ಪಾಠದ ಉದ್ದೇಶ ಪೂರ್ಣ ಈಡೇರಿಲ್ಲ ಎಂಬ ಮಾತು ನನ್ನ ವೀಕ್ಷಣಾ ಪುಸ್ತಕದಲ್ಲಿ ದಾಖಲಾಯಿತು. ಅದು ನಿಜವೂ ಆಗಿತ್ತು.

ಸಂಜೆ ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಒಂದೇ ಯೋಚನೆ ತಲೆಯಲ್ಲಿತ್ತು. ನಲವತ್ತು ನಿಮಿಷದ ಕೊನೆಗೆ ಉತ್ತರ ಬಾರದಿದ್ದರೆ ಆ ಪಾಠ ವ್ಯರ್ಥವಾಯಿತೇ? ಆ ರಾತ್ರಿ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಖಮಾಜ್ ರಾಗದಿಂದ ಕರ್ನಾಟಕ ಸಂಗೀತದ ಖಮಾಚ್ ರಾಗಕ್ಕೂ, ಅಲ್ಲಿಂದ ಆ ರಾಗದ ಅತಿ ಪ್ರಸಿದ್ಧ ಕೃತಿಯನ್ನು ರಚಿಸಿದ ಮೈಸೂರು ವಾಸುದೇವಾಚಾರ್ಯರ ಬಳಿಗೂ ಬಂದೆ. ಅವರ ಬದುಕನ್ನು ತಿಳಿದ ಮೇಲೆ, ನನ್ನ ಪ್ರಶ್ನೆಗೂ ಅಲ್ಲಿ ಒಂದು ಬಗೆಯ ಉತ್ತರ ಇದೆ ಅನ್ನಿಸಿತು. ಸಹಪ್ರಶಿಕ್ಷಣಾರ್ಥಿ ಮಿತ್ರರೊಂದಿಗೆ ಅದನ್ನು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಬಾಲ್ಯ: ಎರಡು ಪಾಠಗಳು

ವಾಸುದೇವಾಚಾರ್ಯರು ಹುಟ್ಟಿದ್ದು 1865ರ ಮೇ 28ರಂದು ಮೈಸೂರಿನಲ್ಲಿ. ಆಗ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಅರಸರು ಅರಮನೆಯಲ್ಲಿದ್ದರೂ ರಾಜ್ಯಭಾರ ಅವರದಾಗಿರಲಿಲ್ಲ. ಅಧಿಕಾರ ಮತ್ತೆ ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲಕ್ಕೆ. ಆಗ ವಾಸುದೇವನಿಗೆ ಹದಿನಾರು ವರ್ಷ. ಈ ಇಸವಿ ಅವರ ಬದುಕಿಗೆ ಮುಖ್ಯವಾದುದು. ಏಕೆಂದರೆ ಮುಂದೆ ಅವರ ವಿದ್ಯೆಗೆ ದಾರಿ ಮಾಡಿಕೊಟ್ಟವರು ಇದೇ ಚಾಮರಾಜ ಒಡೆಯರು.

ಮನೆತನ ಸಂಸ್ಕೃತ ವಿದ್ವತ್ತಿನದು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ತಾತನ ಆಸರೆಯಲ್ಲಿ ಬೆಳೆದ. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ ಮುಂತಾದವುಗಳ ಅಭ್ಯಾಸ ಸಾಗಿತು. ಇದರ ಜೊತೆಗೆ ಆಸ್ಥಾನ ವಿದ್ವಾಂಸರಾಗಿದ್ದ ವೀಣೆ ಪದ್ಮನಾಭಯ್ಯನವರ ಬಳಿ ಸಂಗೀತ ಪಾಠವೂ ನಡೆಯಿತು. ಹೀಗೆ ಒಬ್ಬನೇ ಹುಡುಗನಿಗೆ ಎರಡು ವಿದ್ಯೆಗಳು ಒಟ್ಟೊಟ್ಟಿಗೆ ದೊರೆತವು. ಒಂದು ಮಾತಿನ ಶಿಸ್ತು, ಇನ್ನೊಂದು ಸ್ವರದ ಶಿಸ್ತು.

ಕರ್ನಾಟಕ ಸಂಗೀತದಲ್ಲಿ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆಗಳನ್ನು. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ನಮ್ಮ ಕಡೆಯ ಭಜನೆಯವರಿಗೆ, ಹಿಂದುಸ್ತಾನಿ ಕಲಿತವರಿಗೆ ತಿಳಿಯುವಂತೆ ಹೇಳುವುದಾದರೆ ಇದು ಭೈರವ್ ರಾಗದ ಸ್ವರಗಳನ್ನೇ ಹೊಂದಿರುವ ರಾಗ. ಸ ರಿ ಗ ಮ ಎಂಬ ಸ್ವರಗಳನ್ನೇ ಒಂದು ಕ್ರಮದಲ್ಲಿ ಜೋಡಿಸಿ, ಮೂರು ಕಾಲಗಳಲ್ಲಿ ತಿಂಗಳುಗಟ್ಟಲೆ ಹಾಡಿಸುತ್ತಾರೆ. ಶಿಕ್ಷಣಶಾಸ್ತ್ರದಲ್ಲಿ ನಾವು ಓದುವ ಸರಳದಿಂದ ಸಂಕೀರ್ಣದೆಡೆಗೆ ಎಂಬ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇದೇ ಮಾಯಾಮಾಳವಗೌಳದಲ್ಲಿ ಆಚಾರ್ಯರು ಮುಂದೆ ಸಂಸ್ಕೃತದಲ್ಲಿ ಕೃತಿ ರಚಿಸಿದರು. ಮೊದಲ ಪಾಠದ ರಾಗವನ್ನು ಅವರು ಮಕ್ಕಳ ರಾಗವೆಂದು ಬದಿಗಿಡಲಿಲ್ಲ.

ಕಾವೇರಿಯ ಕೆಳಗಿನ ದಡ

ಆ ಕಾಲಕ್ಕೆ ಕರ್ನಾಟಕ ಸಂಗೀತದ ದೊಡ್ಡ ನೆಲೆ ತಂಜಾವೂರು ಸೀಮೆ. ಮೈಸೂರಿನ ಪಕ್ಕದಲ್ಲಿ ಹರಿಯುವ ಕಾವೇರಿಯೇ ಮುಂದೆ ತಿರುವಯ್ಯಾರನ್ನು ದಾಟಿ ಸಮುದ್ರ ಸೇರುತ್ತದೆ. ತ್ಯಾಗರಾಜರು ಬಾಳಿದ್ದು, 1847ರಲ್ಲಿ ಕಣ್ಮುಚ್ಚಿದ್ದು ಆ ತಿರುವಯ್ಯಾರಿನಲ್ಲಿ. ತ್ಯಾಗರಾಜರ ನೇರ ಶಿಷ್ಯರಲ್ಲಿ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಒಬ್ಬರು. ಅವರ ಶಿಷ್ಯರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್. ಬೇಗಡೆ ರಾಗಕ್ಕೂ ತಾನದ ಹಾಡಿಕೆಗೂ ಹೆಸರಾದ ಅವರು ಸ್ವತಃ ಕೃತಿಕಾರರು. ಕದನಕುತೂಹಲ ರಾಗದ ಅವರ ಕೃತಿಯನ್ನು ಇಂದಿಗೂ ಗಾಯಕರು, ವಾದ್ಯಗಾರರು ಸಭೆಗಳಲ್ಲಿ ನುಡಿಸುತ್ತಾರೆ.

ಚಾಮರಾಜ ಒಡೆಯರು ಯುವಕ ವಾಸುದೇವಾಚಾರ್ಯರನ್ನು ಅರಮನೆಯ ಧನಸಹಾಯದೊಂದಿಗೆ ಕಳುಹಿಸಿದ್ದು ಇವರ ಬಳಿಗೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ವಿದ್ಯಾರ್ಥಿವೇತನ. ಮೈಸೂರಿನಿಂದ ಹೋದ ಯುವಕ ಹಲವು ವರ್ಷ ಗುರುಗಳ ಮನೆಯಲ್ಲಿದ್ದು ಕಲಿತರು.

ಗುರುಕುಲದ ಕಲಿಕೆಗೆ ನಮ್ಮಂತೆ ಪಾಠಯೋಜನೆ ಇಲ್ಲ, ಪೀರಿಯಡ್ಡಿನ ಗಂಟೆ ಇಲ್ಲ. ಶಿಷ್ಯ ಮನೆಯ ಕೆಲಸ ಮಾಡುತ್ತಾನೆ, ಗುರು ಹಾಡುವಾಗ ತಂಬೂರಿ ಹಿಡಿದು ಹಿಂದೆ ಕೂರುತ್ತಾನೆ, ಕೇಳುತ್ತ ಕೇಳುತ್ತ ಕಲಿಯುತ್ತಾನೆ. ಇದನ್ನು ಓದುವಾಗ ನನಗೆ ನಮ್ಮ ಯಕ್ಷಗಾನದ ಮೇಳಗಳು ನೆನಪಾದವು. ಭಾಗವತರ ಹಿಂದೆ ರಾತ್ರಿಯಿಡೀ ಕೂತು ಪದ ಕೇಳಿಸಿಕೊಂಡೇ ಭಾಗವತರಾದವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ. ಈ ಕ್ರಮದಲ್ಲಿ ದೋಷಗಳಿಲ್ಲ ಎಂದಲ್ಲ. ಗುರುವಿನ ಕೃಪೆಯ ಮೇಲೆ ಎಲ್ಲವೂ ನಿಂತಿರುತ್ತದೆ, ಎಲ್ಲ ಮನೆಯ ಮಕ್ಕಳಿಗೂ ಆ ಬಾಗಿಲು ತೆರೆದಿರುವುದಿಲ್ಲ. ನಮ್ಮ ಶಾಲೆಗಳು ಬಂದದ್ದು ಆ ಕೊರತೆ ನೀಗುವುದಕ್ಕಾಗಿಯೇ. ಆದರೆ ಆ ಕ್ರಮದಲ್ಲಿ ಇದ್ದ ಒಂದು ಸಂಗತಿ ನಮ್ಮಲ್ಲಿ ಕಡಿಮೆ. ಅದು ಕಾಯುವ ತಾಳ್ಮೆ. ಇಂದು ಕೇಳಿದ್ದು ಇಂದೇ ಬಾಯಿಗೆ ಬರಬೇಕೆಂದು ಅಲ್ಲಿ ಯಾರೂ ನಿರೀಕ್ಷಿಸುತ್ತಿರಲಿಲ್ಲ.

ಗುರುಗಳಿಂದ ಆಚಾರ್ಯರಿಗೆ ಬಂದದ್ದು ಕೃತಿಗಳ ಭಂಡಾರ ಮಾತ್ರವಲ್ಲ, ತಾನದ ಹಾಡಿಕೆಯೂ ಬಂತು. ಜೊತೆಗೆ ರಚನೆ ಮಾಡಬಹುದೆಂಬ ಧೈರ್ಯವೂ ಬಂದಿರಬೇಕು. ಪಟ್ನಂ ಅವರ ಇತರ ಶಿಷ್ಯರಲ್ಲಿ ರಾಮನಾಥಪುರಂ ಶ್ರೀನಿವಾಸ ಅಯ್ಯಂಗಾರ್ ಮತ್ತು ಟೈಗರ್ ವರದಾಚಾರಿಯರ್ ದೊಡ್ಡ ಹೆಸರು ಮಾಡಿದರು. ಶ್ರೀನಿವಾಸ ಅಯ್ಯಂಗಾರರ ಶಿಷ್ಯರೇ ಅರಿಯಕುಡಿ ರಾಮಾನುಜ ಅಯ್ಯಂಗಾರ್. ಹೀಗೆ ತ್ಯಾಗರಾಜರಿಂದ ವಾಸುದೇವಾಚಾರ್ಯರವರೆಗೆ ನಡುವೆ ಇದ್ದವರು ಇಬ್ಬರೇ ಗುರುಗಳು. ಅವರಲ್ಲಿ ಒಬ್ಬರು ಕಲಿಸದೇ ಉಳಿದಿದ್ದರೂ ಈ ಎಳೆ ಕಡಿದುಹೋಗುತ್ತಿತ್ತು.

ಆಸ್ಥಾನದ ದಿನಗಳು

ಮೈಸೂರಿಗೆ ಮರಳಿದ ಮೇಲೆ ವಾಸುದೇವಾಚಾರ್ಯರು ಆಸ್ಥಾನ ವಿದ್ವಾಂಸರಾದರು. ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ದೀರ್ಘ ಆಳ್ವಿಕೆ. ಅವರ ನಂತರ 1940ರಲ್ಲಿ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಈ ಮೂವರ ಕಾಲವನ್ನೂ ಆಚಾರ್ಯರು ಕಂಡರು.

ನಾಲ್ವಡಿಯವರ ಕಾಲದ ಮೈಸೂರು ಸಂಗೀತಗಾರರ ಸಂತೆಯಂತಿತ್ತು. ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ಮುತ್ತಯ್ಯ ಭಾಗವತರು ಎಲ್ಲರೂ ಆ ಊರಿನವರೇ ಆಗಿದ್ದರು ಇಲ್ಲವೇ ಅಲ್ಲಿಗೆ ಬಂದು ನೆಲೆಸಿದ್ದರು. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನರೂ ಮೈಸೂರಿಗೆ ಬಂದು ಹಾಡುತ್ತಿದ್ದರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ಹಲವು ಬಗೆಯ ಸಂಗೀತ ಒಂದೇ ಊರಿನಲ್ಲಿ ಕೇಳಸಿಗುತ್ತಿದ್ದ ಕಾಲ ಅದು.

1935ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನಕ್ಕೆ ಆಚಾರ್ಯರು ಅಧ್ಯಕ್ಷರಾದರು. ಸಂಗೀತ ಕಲಾನಿಧಿ ಎಂಬ ಗೌರವ ಅವರ ಹೆಸರಿನೊಂದಿಗೆ ಸೇರಿತು. ಆಗ ಅವರಿಗೆ ಎಪ್ಪತ್ತು ವರ್ಷ. ಸಾಮಾನ್ಯವಾಗಿ ನಾವು ಒಬ್ಬರ ಜೀವನಚರಿತ್ರೆಯನ್ನು ಇಲ್ಲಿಗೆ ಮುಗಿಸಿಬಿಡುತ್ತೇವೆ. ಆದರೆ ಇವರ ವಿಷಯದಲ್ಲಿ ಹೇಳಬೇಕಾದ್ದು ಇನ್ನೂ ಬಹಳ ಉಳಿದಿದೆ.

ಕೃತಿಗಳು ಮತ್ತು ಎರಡು ನಿಷಾದಗಳು

ವಾಸುದೇವಾಚಾರ್ಯರು ರಚಿಸಿದ ಕೃತಿಗಳು ಸುಮಾರು 200. ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ವಾಸುದೇವ ಎಂಬುದೇ ಅವುಗಳ ಅಂಕಿತ. ಮೈಸೂರಿನ ಕನ್ನಡಿಗರು ಕನ್ನಡದಲ್ಲೇಕೆ ಹೆಚ್ಚು ಬರೆಯಲಿಲ್ಲ ಎಂಬ ಪ್ರಶ್ನೆ ನಮಗೆ ಬರುವುದು ಸಹಜ. ತ್ಯಾಗರಾಜರ ನಂತರ ಕರ್ನಾಟಕ ಸಂಗೀತದ ಕೃತಿಗೆ ತೆಲುಗು ರೂಢಿಯ ಭಾಷೆಯಾಗಿತ್ತು. ತಮಿಳು ನಾಡಿನ ಸಂಗೀತಗಾರರೂ ತೆಲುಗಿನಲ್ಲೇ ರಚಿಸುತ್ತಿದ್ದರು. ಗುರುಗಳಿಂದ ಕಲಿತ ಕೃತಿಗಳ ಭಾಷೆಯೇ ಶಿಷ್ಯರ ರಚನೆಗೂ ಬಂತು. ಸಂಸ್ಕೃತ ಪಾಠಶಾಲೆಯ ಓದು ಇದ್ದುದರಿಂದ ಸಂಸ್ಕೃತವೂ ಅವರಿಗೆ ಸಲೀಸಾಗಿತ್ತು. ಕನ್ನಡವನ್ನು ಅವರು ಬೇರೆ ರೀತಿಯಲ್ಲಿ ಬಳಸಿದರು. ಅದನ್ನು ಮುಂದೆ ಹೇಳುತ್ತೇನೆ.

ಹಿಂದೋಳದಲ್ಲಿ ಸರಸ್ವತಿಯನ್ನು ಕುರಿತ ಅವರ ಸಂಸ್ಕೃತ ಕೃತಿ, ಆಭೇರಿಯಲ್ಲಿ ರಾಮಭಜನೆಗೆ ಮನಸ್ಸನ್ನು ಕರೆಯುವ ಕೃತಿ, ಮೋಹನದಲ್ಲಿ ರಾಮನನ್ನು ಕರೆಯುವ ಕೃತಿ, ಇವೆಲ್ಲ ಸಂಗೀತ ಕಲಿಯುವ ಮಕ್ಕಳ ಬಾಯಲ್ಲಿ ಇಂದಿಗೂ ಇವೆ. ಉತ್ತರ ಕರ್ನಾಟಕದ ಸಂಗೀತ ಕೇಳಿ ಬೆಳೆದ ನಮಗೆ ಹಿಂದೋಳವೆಂದರೆ ಮಾಲಕಂಸದ ಸ್ವರಗಳು, ಮೋಹನವೆಂದರೆ ಭೂಪದ ಸ್ವರಗಳು. ಹೀಗೆ ನೋಡಿದರೆ ಈ ಕೃತಿಗಳು ನಮಗೆ ಅಷ್ಟೇನೂ ಅಪರಿಚಿತವಲ್ಲ.

ಇವೆಲ್ಲಕ್ಕಿಂತ ಪ್ರಸಿದ್ಧವಾದದ್ದು ಖಮಾಚ್ ರಾಗದ ‘ಬ್ರೋಚೇವಾರೆವರುರಾ’. ತೆಲುಗಿನ ‘ಶಂಕರಾಭರಣಂ’ ಸಿನಿಮಾದಲ್ಲೂ ಇದನ್ನು ಬಳಸಿಕೊಂಡದ್ದರಿಂದ ಶಾಸ್ತ್ರೀಯ ಸಂಗೀತ ಕೇಳದವರಿಗೂ ಇದರ ಧಾಟಿ ಗೊತ್ತು. ಖಮಾಚ್ ರಾಗವನ್ನು 28ನೆಯ ಮೇಳವಾದ ಹರಿಕಾಂಭೋಜಿಯ ಜನ್ಯವೆಂದು ಹೇಳುತ್ತಾರೆ. ಆ ಮೇಳದಲ್ಲಿರುವುದು ಕೈಶಿಕಿ ನಿಷಾದ, ಅಂದರೆ ಹಿಂದುಸ್ತಾನಿಯ ಕೋಮಲ ನಿ. ಆದರೆ ಆಚಾರ್ಯರ ಕೃತಿಯಲ್ಲಿ ಕೆಲವೆಡೆ ಕಾಕಲಿ ನಿಷಾದ, ಅಂದರೆ ಶುದ್ಧ ನಿ ಕೂಡ ಬಂದುಹೋಗುತ್ತದೆ. ಹಿಂದುಸ್ತಾನಿಯ ಖಮಾಜ್ ರಾಗದಲ್ಲಿ ಆರೋಹಕ್ಕೆ ಶುದ್ಧ ನಿ, ಅವರೋಹಕ್ಕೆ ಕೋಮಲ ನಿ ಇರುವುದು ನಮ್ಮ ತರಗತಿಯ ಹುಡುಗಿಗೂ ತಿಳಿದಿತ್ತು. ಎರಡು ನಿಷಾದಗಳ ಖಮಾಚ್ ದಕ್ಷಿಣದಲ್ಲಿ ಇಷ್ಟು ಜನಪ್ರಿಯವಾಗಲು ಈ ಕೃತಿ ಒಂದು ದೊಡ್ಡ ಕಾರಣ.

ಇಲ್ಲಿ ಅವಳ ಪ್ರಶ್ನೆಗೆ ಉತ್ತರವನ್ನೂ ಕೊಟ್ಟುಬಿಡುತ್ತೇನೆ. ಶಬ್ದ ಪಾಠ ಮಾಡುವ ಬೇರೆಯವರಿಗೂ ಉಪಯೋಗವಾದೀತು. ಸ್ವರಕ್ಕೆ ಇಷ್ಟೇ ಹರ್ಟ್ಸ್ ಎಂಬ ನಿಗದಿ ಇಲ್ಲ. ಹಾಡುವವರ ಶ್ರುತಿಯ ಮೇಲೆ ಅದು ನಿಂತಿದೆ. ನಿಗದಿಯಾಗಿರುವುದು ಷಡ್ಜದೊಂದಿಗಿನ ಅನುಪಾತ. ಷಡ್ಜವನ್ನು 240 ಹರ್ಟ್ಸ್ ಎಂದು ಇಟ್ಟುಕೊಂಡರೆ ಪಂಚಮ 3/2 ಅನುಪಾತದಲ್ಲಿ 360 ಹರ್ಟ್ಸ್, ಮೇಲಿನ ಷಡ್ಜ 480 ಹರ್ಟ್ಸ್. ಕೋಮಲ ನಿಷಾದವನ್ನು 9/5 ಎಂದು ಹಿಡಿದರೆ 432 ಹರ್ಟ್ಸ್, ಶುದ್ಧ ನಿಷಾದವನ್ನು 15/8 ಎಂದು ಹಿಡಿದರೆ 450 ಹರ್ಟ್ಸ್ ಬರುತ್ತದೆ. ನಡುವಿನ ಅಂತರ 18 ಹರ್ಟ್ಸ್. ಗಮಕದಲ್ಲಿ ಸ್ವರ ಅಲುಗಾಡುವುದರಿಂದ ಕಂಠದಲ್ಲಿ ಇದು ತುಸು ಹೆಚ್ಚುಕಡಿಮೆಯಾಗುತ್ತದೆ. ಸೆಕೆಂಡಿಗೆ 18 ಕಂಪನಗಳ ವ್ಯತ್ಯಾಸದಿಂದ ರಾಗದ ಬಣ್ಣ ಬದಲಾಗುತ್ತದೆ ಎಂಬುದು ಭೌತಶಾಸ್ತ್ರ ಓದಿದ ನನಗೂ ಹೊಸ ತಿಳಿವಳಿಕೆ.

ಮಹಾರಾಜನೆಂಬ ವಿದ್ಯಾರ್ಥಿ

ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಅವರ ಮೊದಲ ಒಲವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆಗೆ. ಪಿಯಾನೋ ಕಲಿತಿದ್ದ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅಧ್ಯಕ್ಷರಾಗಿದ್ದರು. ರಷ್ಯಾದಿಂದ ಇಂಗ್ಲೆಂಡಿಗೆ ಬಂದು ಬಡತನದಲ್ಲಿದ್ದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದವರು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಈ ಮೈಸೂರು ಅರಸರಿಗೆ ಅರ್ಪಿಸಿದರು.

ಇಂಥ ಅರಸರು ಕರ್ನಾಟಕ ಸಂಗೀತದಲ್ಲಿ ಕೃತಿರಚನೆಗೆ ತೊಡಗಿದಾಗ ಮಾರ್ಗದರ್ಶಕರಾದವರು ವಾಸುದೇವಾಚಾರ್ಯರು. ಶಿಷ್ಯನಿಗಿಂತ ಗುರು 54 ವರ್ಷ ದೊಡ್ಡವರು. ಆದರೆ ಶಿಷ್ಯ ಅನ್ನದಾತ, ಗುರು ಆಸ್ಥಾನದ ಆಶ್ರಿತ. ಪಾಠ ಮಾಡುವವರ ದೃಷ್ಟಿಯಿಂದ ಇದು ಎಷ್ಟು ಇಕ್ಕಟ್ಟಿನ ಸ್ಥಾನ ಎಂದು ಯೋಚಿಸಿ. ಅರಸರಿಗೆ ತಪ್ಪು ತೋರಿಸಬೇಕು, ಮನ ನೋಯಿಸಬಾರದು. ತನ್ನದೇ ಅಚ್ಚನ್ನು ಶಿಷ್ಯನ ಮೇಲೆ ಒತ್ತಲೂಬಾರದು. ಫಲವನ್ನು ನೋಡಿದರೆ ಗುರು ಈ ಕೆಲಸವನ್ನು ಚೆನ್ನಾಗಿಯೇ ಮಾಡಿದರು ಎನ್ನಬೇಕು. ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಎಷ್ಟೋ ಅಪರೂಪದ ರಾಗಗಳಿವೆ, ದೇವೀ ಉಪಾಸನೆಯ ಗಂಭೀರ ಭಾಷೆಯಿದೆ. ಅವು ವಾಸುದೇವಾಚಾರ್ಯರ ಕೃತಿಗಳ ನಕಲಿನಂತಿಲ್ಲ. ಶಿಷ್ಯನ ಕೃತಿ ಶಿಷ್ಯನದೇ ಆಗಿ ಉಳಿದಿದೆ.

ತೊಂಬತ್ತರ ಹೊಸ್ತಿಲಲ್ಲಿ ಹೊಸ ಊರು

ದೇಶ ಸ್ವತಂತ್ರವಾಯಿತು, ಸಂಸ್ಥಾನಗಳು ವಿಲೀನವಾದವು. ಆಸ್ಥಾನ ವಿದ್ವಾಂಸ ಎಂಬ ಪದವಿಗೆ ಹಿಂದಿನ ಆಧಾರ ಉಳಿಯಲಿಲ್ಲ. ಅರಮನೆಯಿಂದ ಸಿಗುತ್ತಿದ್ದ ಆಶ್ರಯ ಸಭೆಗಳಿಗೆ, ಆಕಾಶವಾಣಿಗೆ, ಅಕಾಡೆಮಿಗಳಿಗೆ, ಕಲಾಶಾಲೆಗಳಿಗೆ ಹಂಚಿಹೋಯಿತು. ಎಂಬತ್ತೈದು ದಾಟಿದ ವಿದ್ವಾಂಸರೊಬ್ಬರು ಈ ಬದಲಾವಣೆಯಲ್ಲಿ ಮನೆಯ ಮೂಲೆ ಹಿಡಿದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಆದರೆ ಮದ್ರಾಸಿನ ಅಡ್ಯಾರಿನಲ್ಲಿದ್ದ ಕಲಾಕ್ಷೇತ್ರದಿಂದ ಕರೆ ಬಂತು. ರುಕ್ಮಿಣೀದೇವಿ ಅರುಂಡೇಲ್ ಅವರು 1936ರಲ್ಲಿ ಕಟ್ಟಿದ ಈ ಸಂಸ್ಥೆ ನೃತ್ಯ, ಸಂಗೀತಗಳನ್ನು ಶಾಲೆಯ ಕ್ರಮದಲ್ಲಿ ಕಲಿಸುತ್ತಿತ್ತು. ಆಚಾರ್ಯರ ಗುರುಬಂಧು ಟೈಗರ್ ವರದಾಚಾರಿಯರ್ ಅವರೂ ಮೊದಲು ಅಲ್ಲಿದ್ದರು. ಅವರು 1950ರಲ್ಲಿ ತೀರಿಕೊಂಡಿದ್ದರು. ವಾಸುದೇವಾಚಾರ್ಯರು ಮೈಸೂರು ಬಿಟ್ಟು ಅಲ್ಲಿಗೆ ಹೋದರು. ಗುರುಕುಲದಲ್ಲಿ ಕಲಿತು ಅರಮನೆಯಲ್ಲಿ ಬಾಳಿದವರು ಕೊನೆಗೆ ಒಂದು ಶಾಲೆಯ ಅಧ್ಯಾಪಕರಾದರು.

ರುಕ್ಮಿಣೀದೇವಿಯವರ ಮನಸ್ಸಿನಲ್ಲಿದ್ದದ್ದು ವಾಲ್ಮೀಕಿ ರಾಮಾಯಣವನ್ನು ನೃತ್ಯನಾಟಕಗಳ ಸರಣಿಯಾಗಿ ರಂಗಕ್ಕೆ ತರುವ ಯೋಜನೆ. ವಾಲ್ಮೀಕಿಯ ಸಂಸ್ಕೃತ ಶ್ಲೋಕಗಳನ್ನು ಆರಿಸಿ, ಸನ್ನಿವೇಶಕ್ಕೆ ತಕ್ಕ ರಾಗದಲ್ಲಿ, ನರ್ತಕರ ಹೆಜ್ಜೆಗೆ ಒದಗುವ ಲಯದಲ್ಲಿ ಅಳವಡಿಸಬೇಕಿತ್ತು. ಶ್ಲೋಕವನ್ನು ಎಲ್ಲೆಂದರಲ್ಲಿ ಒಡೆದರೆ ಅರ್ಥ ಕೆಡುತ್ತದೆ. ಸಂಧಿ, ಸಮಾಸ, ಛಂದಸ್ಸು ತಿಳಿಯದ ಸಂಗೀತಗಾರನಿಗೆ ಇದು ಆಗದ ಕೆಲಸ. ಸಂಗೀತ ತಿಳಿಯದ ಸಂಸ್ಕೃತ ಪಂಡಿತನಿಗೂ ಆಗದ ಕೆಲಸ. ಎರಡನ್ನೂ ಬಲ್ಲವರೊಬ್ಬರು ಬೇಕಿತ್ತು.

‘ಸೀತಾ ಸ್ವಯಂವರಂ’ 1955ರಲ್ಲಿ ರಂಗಕ್ಕೆ ಬಂತು. ಆಗ ಆಚಾರ್ಯರಿಗೆ 90 ವರ್ಷ. 1960ರಲ್ಲಿ ‘ಶ್ರೀರಾಮ ವನಗಮನಂ’ ಮತ್ತು ‘ಪಾದುಕಾ ಪಟ್ಟಾಭಿಷೇಕಂ’ ಬಂದವು. ಆಗ 95 ವರ್ಷ. ಮೈಸೂರಿನ ಪಾಠಶಾಲೆಯಲ್ಲಿ ಹುಡುಗನಿದ್ದಾಗ ಉರುಹೊಡೆದ ಶಬ್ದರೂಪಗಳು, ವೀಣೆ ಪದ್ಮನಾಭಯ್ಯನವರ ಬಳಿ ಕಲಿತ ಮೊದಲ ಸ್ವರಪಾಠಗಳು, ಎರಡೂ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಒಂದೇ ಕೆಲಸದಲ್ಲಿ ಕೂಡಿಕೊಂಡವು. ಆ ಪಾಠ ಹೇಳಿದ ಗುರುಗಳು ಯಾರೂ ಇದನ್ನು ನೋಡಲು ಉಳಿದಿರಲಿಲ್ಲ. ಪದ್ಮನಾಭಯ್ಯನವರು 1900ರಲ್ಲೇ, ಪಟ್ನಂ ಸುಬ್ರಹ್ಮಣ್ಯ ಅಯ್ಯರ್ 1902ರಲ್ಲೇ ತೀರಿಕೊಂಡಿದ್ದರು.

ಮನ್ನಣೆಗಳೂ ಈ ದಿನಗಳಲ್ಲೇ ಬಂದವು. 1954ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1959ರಲ್ಲಿ ಪದ್ಮಭೂಷಣ. 1961ರ ಮೇ 17ರಂದು ವಾಸುದೇವಾಚಾರ್ಯರು ಕೊನೆಯುಸಿರೆಳೆದರು. 96 ತುಂಬಲು ಹನ್ನೊಂದು ದಿನ ಬಾಕಿ ಇತ್ತು. ರಾಮಾಯಣದ ಸರಣಿ ಇನ್ನೂ ಪೂರ್ಣವಾಗಿರಲಿಲ್ಲ. ಅವರ ಬಳಿಯೇ ಕಲಿತಿದ್ದ ಮೊಮ್ಮಗ ಎಸ್. ರಾಜಾರಾಂ ಸಂಗೀತ ಸಂಯೋಜನೆಯನ್ನು ಮುಂದುವರಿಸಿದರು. ಆರನೆಯ ಹಾಗೂ ಕೊನೆಯ ಭಾಗವಾದ ‘ಮಹಾ ಪಟ್ಟಾಭಿಷೇಕಂ’ 1970ರಲ್ಲಿ ರಂಗಕ್ಕೆ ಬಂತು. ಗುರು ಹೋದ ಒಂಬತ್ತು ವರ್ಷಗಳ ಮೇಲೆ ಪಾಠ ಮುಗಿಯಿತು ಎನ್ನಬಹುದು.

ಕನ್ನಡಕ್ಕೆ ಕೊಟ್ಟದ್ದು

ಆಚಾರ್ಯರ ಕನ್ನಡದ ಕೊಡುಗೆ ಗದ್ಯದಲ್ಲಿದೆ. ‘ನಾ ಕಂಡ ಕಲಾವಿದರು’ ಎಂಬ ಪುಸ್ತಕದಲ್ಲಿ ತಾವು ಹತ್ತಿರದಿಂದ ಬಲ್ಲ ಸಂಗೀತಗಾರರ ಚಿತ್ರಗಳನ್ನು ಬರೆದರು. ‘ನೆನಪುಗಳು’ ಎಂಬ ಆತ್ಮಕಥನವೂ ಇದೆ. ಅವರ ಕಾಲದ ಬಹಳಷ್ಟು ಗಾಯಕರ ಧ್ವನಿ ಮುದ್ರಣವಾಗಿಲ್ಲ. ಅವರು ಹೇಗೆ ಹಾಡುತ್ತಿದ್ದರು, ಹೇಗೆ ಬದುಕಿದರು ಎಂದು ಇಂದು ತಿಳಿಯಬೇಕಾದರೆ ಇಂಥ ಬರಹಗಳೇ ಗತಿ. ತನ್ನ ಬಗ್ಗೆ ಬರೆದುಕೊಂಡಷ್ಟೇ ಆಸಕ್ತಿಯಿಂದ ಇತರರ ಬಗ್ಗೆಯೂ ಬರೆದದ್ದು ದೊಡ್ಡ ಗುಣ. ತರಗತಿಯ ವೀಕ್ಷಣೆಗೆ ಕೂತಾಗ ಸಹಪಾಠಿಯ ಪಾಠದಲ್ಲಿ ತಪ್ಪನ್ನಷ್ಟೇ ಹುಡುಕುವ ನಾವು ಇದನ್ನು ಗಮನಿಸಬೇಕು.

ನಮ್ಮ ಜಿಲ್ಲೆಯಲ್ಲಿ ಇವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅದಕ್ಕೆ ಇತಿಹಾಸದ ಕಾರಣವೂ ಇದೆ. 1956ರ ನವೆಂಬರ್ 1ರವರೆಗೆ ಕಾರವಾರ, ಅಂಕೋಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ‘ಸೀತಾ ಸ್ವಯಂವರಂ’ ರಂಗಕ್ಕೆ ಬಂದಾಗ ಮೈಸೂರೂ ನಾವೂ ಒಂದೇ ರಾಜ್ಯದವರಲ್ಲ. ನಮ್ಮ ಕಿವಿಗೆ ಧಾರವಾಡದ ಹಿಂದುಸ್ತಾನಿ ಗಾಯಕರು ಹತ್ತಿರ, ನಮ್ಮ ರಾತ್ರಿಗಳಿಗೆ ಯಕ್ಷಗಾನ ಹತ್ತಿರ. ಆದರೂ ಎರಡು ನಿಷಾದಗಳ ದಾರಿಯಲ್ಲಿ ಹೋದರೆ ಮೈಸೂರು ದೂರವೇನಿಲ್ಲ.

ಮರುದಿನದ ಪಾಠ

ಮಾರನೆಯ ದಿನ ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಹಾಕಿಕೊಂಡು ತರಗತಿಗೆ ಹೋದೆ. 432, 450 ಎಂದು ಕಪ್ಪುಹಲಗೆಯ ಮೇಲೆ ಬರೆದು, ಅನುಪಾತದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ. ಆ ಹುಡುಗಿ ಎರಡು ನಿಷಾದಗಳನ್ನೂ ಹಾಡಿ ತೋರಿಸಿದಳು. ಹಿಂದಿನ ಬೆಂಚಿನ ಕೆಲವರಿಗೆ ವ್ಯತ್ಯಾಸ ಕೇಳಿಸಿತು, ಕೆಲವರಿಗೆ ಕೇಳಿಸಲಿಲ್ಲ. ಮೌಲ್ಯಮಾಪನದ ಐದು ಪ್ರಶ್ನೆಗಳಲ್ಲಿ ಈ ಬಾರಿ ನಾಲ್ಕಕ್ಕೆ ಉತ್ತರ ಬಂತು.

ಹಾಗೆಂದು ಉದ್ದೇಶ, ಮೌಲ್ಯಮಾಪನಗಳು ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಮೊದಲ ದಿನದ ಪಾಠ ಕೆಟ್ಟದ್ದು ತಯಾರಿಯ ಕೊರತೆಯಿಂದ. ವೀಕ್ಷಣಾ ಪುಸ್ತಕ ಅದನ್ನು ಸರಿಯಾಗಿಯೇ ಹಿಡಿದುಕೊಟ್ಟಿತು. ಆದರೆ ಆ ಪುಸ್ತಕದ ಪುಟ ಅಂದಿನ ದಿನಕ್ಕೆ ಮುಗಿಯುತ್ತದೆ, ಕಲಿಕೆ ಅಲ್ಲಿಗೆ ಮುಗಿಯುವುದಿಲ್ಲ. ವಾಸುದೇವನೆಂಬ ಹುಡುಗನಿಗೆ ಸಂಸ್ಕೃತದ ಶಬ್ದರೂಪ ಹೇಳಿಕೊಟ್ಟ ಆ ಪಾಠಶಾಲೆಯ ಅಧ್ಯಾಪಕರ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಹುಡುಗ ಅಂದು ಸರಿಯಾಗಿ ಒಪ್ಪಿಸಿದನೋ, ಬೈಸಿಕೊಂಡನೋ, ಅದನ್ನೂ ಯಾರೂ ಬರೆದಿಟ್ಟಿಲ್ಲ. ಆ ಪಾಠ ಮಾತ್ರ ತೊಂಬತ್ತನೆಯ ವಯಸ್ಸಿನಲ್ಲಿ ಅಡ್ಯಾರಿನ ರಂಗದ ಮೇಲೆ ಉಪಯೋಗಕ್ಕೆ ಬಂತು.

ನಮ್ಮ ಅಭ್ಯಾಸ ಪಾಠಗಳ ಅವಧಿ ಮುಗಿಯುತ್ತ ಬಂದಿದೆ. ಶಬ್ದ ಪಾಠದ ನನ್ನ ಯೋಜನೆಯನ್ನು ತಿದ್ದಿ, ಕೊನೆಗೆ ಒಂದು ಸಾಲು ಸೇರಿಸಿಟ್ಟಿದ್ದೇನೆ. ಖಮಾಜ್ ರಾಗವನ್ನು ಬಲ್ಲ ಮಕ್ಕಳಿದ್ದರೆ ಅವರಿಂದ ಹಾಡಿಸಿ, ಪ್ರಶ್ನೆ ಬಂದರೆ ಬರಲಿ ಎಂಬುದೇ ಆ ಸಾಲು. ಮುಂದಿನ ವರ್ಷ ಅದೇ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಅದು ಬೇಕಾದರೆ ತೆಗೆದುಕೊಳ್ಳಬಹುದು.